ನೀವು ಕೇಳಿದ್ರಿ, ನಾವು ಹೇಳ್ತೀವಿ: ಅರಸು ಮತ್ತು ಏಳನೇ ನಂಬರ್ ಫಾರಂ

ಹೋದ ಸಂಚಿಕೇಲಿ ಮಾಜಿ ಮುಖ್ಯಮಂತ್ರಿ ದೇವರಾಜ ಅರಸು ಬಗ್ಗೆ ಒಂದೇ ಒಂದು ಪ್ರಶ್ನೆಗೆ ನಾಲ್ಕು ಸಾಲು ಉತ್ತರ ಬರೆದಿದ್ದೆ ಅಷ್ಟೆ, ಅದಕ್ಕೆ ಬಂದ ಪತ್ರ, ಇಮೇಲ್, ವಾಟ್ಸಾಪ್ ಎಲ್ಲ ಸೇರಿಸಿದ್ರೆ ಈ ಸಲದ ಕಾಲಂ ಪೂರ್ತಿ ಅವರಿಗೇ ಕೊಡದೆ ಬೇರೆ ದಾರಿ ಇಲ್ಲ. ಹೊಗಳಿಕೆ ಎಷ್ಟಿತ್ತೋ ಬೈಗುಳಾನೂ ಅಷ್ಟೇ ಇತ್ತು. ಸಿನಿಮಾ, ಕ್ರಿಕೆಟ್ ಪ್ರಶ್ನೆ ಕಳಿಸಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನೋಡೋಣ.

ಪ್ರಶ್ನೆ: ಅರಸು ಅಂದ್ರೆ ಮೈಸೂರು ರಾಜರ ಸಂಬಂಧಿಕರು ತಾನೇ ಸಾರ್? ಅರಮನೆ ಕಡೆಯವರಿಗೆ ಬಡವರ ಕಷ್ಟ ಹೆಂಗೆ ಗೊತ್ತಾಯ್ತು? (ಪಿರಿಯಾಪಟ್ಟಣದ ಓದುಗರು)

ಅರಮನೆ ಜೊತೆ ನೆಂಟಸ್ತಿಕೆ ಇರೋ ಜನಾಂಗ ಹೌದು, ಆದ್ರೆ ಎಲ್ಲ ಅರಸುಗಳೂ ಅರಮನೇಲಿ ಇರ್ತಿದ್ರು ಅನ್ಕೊಂಡ್ರೆ ತಪ್ಪು. ಇವರು ಹುಟ್ಟಿದ್ದು 20 ಆಗಸ್ಟ್ 1915, ಹುಣಸೂರು ತಾಲೂಕಿನ ಕಲ್ಲಹಳ್ಳಿ. ಮನೇಲಿ ಬೇಸಾಯ ಇತ್ತು. ಮೈಸೂರಲ್ಲಿ ಅರಸು ಹುಡುಗರಿಗೆ ಅಂತಲೇ ಇದ್ದ ಬೋರ್ಡಿಂಗ್ ಸ್ಕೂಲಲ್ಲಿ ಓದಿ, ಬೆಂಗಳೂರು ಸೆಂಟ್ರಲ್ ಕಾಲೇಜಲ್ಲಿ ಬಿಎಸ್ಸಿ ಮಾಡಿ, ಆಮೇಲೆ ನೌಕರಿ ಹಿಡೀದೆ ವಾಪಸ್ ಊರಿಗೇ ಹೋದ್ರು. ಆಗಿನ ಕಾಲಕ್ಕೆ ಬಿಎಸ್ಸಿ ಮಾಡಿದವನು ಹಳ್ಳಿಗೆ ವಾಪಸ್ ಬಂದು ಹೊಲ ನೋಡ್ಕೋತೀನಿ ಅಂದ್ರೆ ಊರವರು ಏನಂದಿರ್ತಾರೆ ನೀವೇ ಯೋಚ್ನೆ ಮಾಡಿ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆ, ಕ್ವಿಟ್ ಇಂಡಿಯಾ ಟೈಮಲ್ಲಿ ಜೈಲು, 1952ರ ಮೊದಲ ಎಲೆಕ್ಷನ್‌ನಲ್ಲಿ ಹುಣಸೂರಿಂದ ಎಂಎಲ್‌ಎ. ಅಲ್ಲಿಂದ ಮುಖ್ಯಮಂತ್ರಿ ಆಗೋಕೆ ಇನ್ನೂ 20 ವರ್ಷ ಕಾದಿದ್ದಾರೆ, ನಡುವೆ ನಿಜಲಿಂಗಪ್ಪ ಸಂಪುಟದಲ್ಲಿ ಮಂತ್ರಿಯಾಗಿದ್ರು, ಅಷ್ಟೇ. ಅವತ್ತು ಯಾರಾದ್ರೂ ಈ ಮನುಷ್ಯ ಮುಂದೆ ರಾಜ್ಯದ ಲೆಕ್ಕಾಚಾರಾನೇ ಬದಲಾಯಿಸ್ತಾನೆ ಅಂದಿದ್ರೆ ನಕ್ಕು ಸುಮ್ನಾಗ್ತಿದ್ರು.

ಪ್ರಶ್ನೆ: ಜಾತಿ ಬಲ ಇಲ್ಲದೆ ಕರ್ನಾಟಕದಲ್ಲಿ ಸಿಎಂ ಆಗೋದು ಹೇಗೆ? ನಂಗೆ ನಂಬೋಕೇ ಆಗ್ತಿಲ್ಲ. (ದಾವಣಗೆರೆಯಿಂದ, ಕಾಲೇಜು ವಿದ್ಯಾರ್ಥಿ)

ನಂಬೋಕಾಗ್ದೇ ಇರೋದು ನಿಮ್ಮ ತಪ್ಪಲ್ಲ ತಮ್ಮಾ. 1947ರಿಂದ 1972ರವರೆಗಿನ ಪಟ್ಟಿ ತೆಗೀರಿ, ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ್. ಮೊದಲು ಒಕ್ಕಲಿಗರು, ಏಕೀಕರಣ ಆದ್ಮೇಲೆ ಲಿಂಗಾಯತರು. ಮೂರನೆಯವರಿಗೆ ಜಾಗಾನೇ ಇರ್ಲಿಲ್ಲ. ಅರಸು ಜನಾಂಗದ ಸಂಖ್ಯೆ ಎಷ್ಟು ಅಂದ್ರೆ ಒಂದು ಕ್ಷೇತ್ರ ಗೆಲ್ಲೋಕೂ ಸಾಲಲ್ಲ, ಹುಣಸೂರಲ್ಲೂ ಅವರು ಗೆಲ್ತಿದ್ದದ್ದು ಬೇರೆಯವರ ಓಟಲ್ಲೇ.

ಬಾಗಿಲು ತೆರೆದದ್ದು 1969. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೇಲಿ ಎಐಸಿಸಿ, ಅಂದ್ರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ, ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರೇ, ರಾಷ್ಟ್ರಪತಿ ಚುನಾವಣೆಗೆ ಯಾರನ್ನ ನಿಲ್ಲಿಸಬೇಕು ಅನ್ನೋ ಜಗಳ ಶುರುವಾಗಿ ವರ್ಷ ಮುಗಿಯೋದ್ರೊಳಗೆ ಕಾಂಗ್ರೆಸ್ ಎರಡು ಹೋಳು. ರಾಜ್ಯದ ಘಟಾನುಘಟಿಗಳು ಹೆಚ್ಚು ಕಡಿಮೆ ಎಲ್ರೂ ನಿಜಲಿಂಗಪ್ಪ ಕಡೆ, ಸರ್ಕಾರಾನೂ ಅವರದೇ. ಅರಸು ಇಂದಿರಾ ಕಡೆ ಹೋದ್ರು. ಅವತ್ತಿನ ಲೆಕ್ಕದಲ್ಲಿ ಅದು ಹಾಳು ಬಾವಿಗೆ ಹಾರಿದ ಹಾಗೆ. ಆದ್ರೆ 1971ರ ಲೋಕಸಭೆಯಲ್ಲಿ ಇಂದಿರಾ ಪಕ್ಷ ಇಲ್ಲಿ ಇದ್ದ 27 ಸೀಟಲ್ಲಿ 27ನ್ನೂ ಬಾಚ್ಕೊಂಡ್ತು, ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು, 1972ರ ವಿಧಾನಸಭೆಯಲ್ಲಿ 216ಕ್ಕೆ 165. ಮಾರ್ಚ್ 20ಕ್ಕೆ ಅರಸು ಮುಖ್ಯಮಂತ್ರಿ.

ಇಲ್ಲಿ ಒಂದು ಮಾತು ಹೇಳ್ಬೇಕು, ಆ 165 ಬಂದಿದ್ದು ಇಂದಿರಾ ಅಲೆಯಿಂದ. ಆದ್ರೆ ಟಿಕೆಟ್ ಯಾರಿಗೆ ಕೊಟ್ರು ನೋಡಿ, ಅಲ್ಲಿ ಕಾಣೋದು ಅರಸು ಕೈ. ಯಾವತ್ತೂ ವಿಧಾನಸೌಧದ ಮೆಟ್ಟಿಲು ಹತ್ತದ ಜಾತಿಗಳಿಂದ ಹುಡುಕಿ ಹುಡುಕಿ ಹುಡುಗರನ್ನ ನಿಲ್ಲಿಸಿದ್ರು. ಸಂಖ್ಯೆ ಇಲ್ಲದವನು ಸಂಖ್ಯೆ ಇಲ್ಲದವರನ್ನೆಲ್ಲ ಕೂಡಿಸಿ ಒಂದು ದೊಡ್ಡ ಸಂಖ್ಯೆ ಮಾಡಿದ ಅನ್ನಬಹುದು. ಕರುಣೆ ಅಂತೀರೋ ರಾಜಕೀಯ ಅಂತೀರೋ ನಿಮಗೆ ಬಿಟ್ಟಿದ್ದು, ನನಗೆ ಅನ್ಸೋದು ಎರಡೂ ಬೇರೆ ಬೇರೆ ಅಂತ ಅವರಿಗೆ ಯಾವತ್ತೂ ಅನ್ಸಿರ್ಲಿಲ್ಲ.

ಪ್ರಶ್ನೆ: ಉಳುವವನೇ ಹೊಲದೊಡೆಯ ಅಂತ ಸ್ಲೋಗನ್ ಕೇಳಿದ್ದೀನಿ. ನಿಜವಾಗ್ಲೂ ಏನಾಯ್ತು, ಸ್ವಲ್ಪ ಬಿಡಿಸಿ ಹೇಳಿ. (ಸಾಗರದಿಂದ)

ಸಾಗರದವರೇ ಕೇಳ್ತಿದ್ದೀರಲ್ಲ, ನಿಮ್ಮ ಪಕ್ಕದ ಕಾಗೋಡಿನಲ್ಲೇ 1951ರಲ್ಲಿ ಗೇಣಿ (ಧಣಿಯ ಜಮೀನು ಉಳೋದಕ್ಕೆ ಬಾಡಿಗೆಯಾಗಿ ಕೊಡೋ ಕಾಳು) ಅಳೆಯೋ ಕೊಳಗದ ಗಾತ್ರದ ಮೇಲೆ ಸತ್ಯಾಗ್ರಹ ಆಗಿದ್ದು! ಧಣಿಯ ಕೊಳಗ ದೊಡ್ಡದು, ನಮ್ಮ ಕೊಳಗ ಚಿಕ್ಕದು ಅನ್ನೋದ್ರಿಂದ ಶುರುವಾಗಿ ನೆಲ ಯಾರದ್ದು ಅನ್ನೋ ತನಕ ಹೋಯ್ತು. ಭೂಸುಧಾರಣೆ ಕಾಯ್ದೆ 1961ರಲ್ಲೇ ಇತ್ತು ಆದ್ರೆ ಅದು ಹಲ್ಲಿಲ್ಲದ ಹಾವು. ಅರಸು ಸರ್ಕಾರ ಅದಕ್ಕೆ ತಿದ್ದುಪಡಿ ತಂದು 1 ಮಾರ್ಚ್ 1974ರಿಂದ ಜಾರಿ ಮಾಡ್ತು. ಆ ದಿನಕ್ಕೆ ಗೇಣಿಗೆ ಇದ್ದ ಜಮೀನೆಲ್ಲ ಸರ್ಕಾರದ್ದು, ಉಳ್ತಿದ್ದವನು ಅರ್ಜಿ ಹಾಕ್ಲಿ, ಅವನಿಗೆ ಕೊಡ್ತೀವಿ. ಅದೇ ಏಳನೇ ನಂಬರ್ ಫಾರಂ. ನಮ್ಮ ಕಡೆ ಇವತ್ತಿಗೂ 'ಡಿಕ್ಲರೇಶನ್ ಜಮೀನು' ಅಂತಾರಲ್ಲ, ಆ ಮಾತು ಅಲ್ಲಿಂದ ಬಂದದ್ದು.

ಜಾಣತನ ಇದ್ದದ್ದು ಫಾರಂನಲ್ಲಲ್ಲ, ಟ್ರಿಬ್ಯುನಲ್‌ನಲ್ಲಿ. ಸಿವಿಲ್ ಕೋರ್ಟಿಗೆ ಹೋಗಿದ್ರೆ ಗೇಣಿದಾರನ ಮೊಮ್ಮಗನ ಕಾಲಕ್ಕೂ ತೀರ್ಪು ಬರ್ತಿರ್ಲಿಲ್ಲ. ಅದಕ್ಕೇ ತಾಲೂಕಿಗೊಂದು ಭೂನ್ಯಾಯಮಂಡಳಿ, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ಹೆಸರಿಸಿದ ನಾಲ್ಕು ಜನ ಸದಸ್ಯರು, ಅವರಲ್ಲಿ ಒಬ್ಬರಾದ್ರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರ್ಲೇಬೇಕು, ಮತ್ತೆ ವಕೀಲರಿಗೆ ಒಳಗೆ ಪ್ರವೇಶ ಇಲ್ಲ. ಶುರುವಿನ ಆ ನಿಯಮ ಒಂದೇ ಸಾಕಾಗಿತ್ತು ಧಣಿಗಳಿಗೆ ನಿದ್ದೆ ಕೆಡಿಸೋಕೆ.

ನಮ್ಮಜ್ಜನದ್ದು ಎರಡು ಎಕರೆ ಚಿಲ್ಲರೆ ಗದ್ದೆ, ಗೇಣಿಗೆ ಮಾಡ್ತಿದ್ದದ್ದು. ವಿಚಾರಣೆಗೆ ಮುಂಚಿನ ರಾತ್ರಿ ಒಡೇರು, ಅಂದ್ರೆ ಜಮೀನಿನ ಯಜಮಾನರು, ತಾವೇ ಲಾಟೀನು ಹಿಡ್ಕೊಂಡು ನಮ್ಮನೆ ಜಗಲಿ ತನಕ ಬಂದಿದ್ರಂತೆ. ಜನ್ಮದಲ್ಲಿ ಬಂದವರಲ್ಲ. 'ನೀನು ಕೂಲಿಗೆ ಮಾಡ್ತಿದ್ದೆ ಅಂತ ಹೇಳ್ಬಿಡು, ನಾನು ನಿನ್ನ ಕೈ ಬಿಡಲ್ಲ' ಅಂದ್ರಂತೆ. ಅಜ್ಜ ಏನೂ ಹೇಳ್ಲಿಲ್ಲ, ಎಲೆ ಅಡಿಕೆ ತಟ್ಟೆ ಮುಂದಿಟ್ಟ. ಬೆಳಿಗ್ಗೆ ತಾಲೂಕು ಕಚೇರೀಲಿ ಟವಲ್ ಕಂಕುಳಲ್ಲಿ ಇಟ್ಕೊಂಡು ನಿಂತಾಗ ಸಾಹೇಬರು ಚೆಕ್ಕುಬಂದಿ ಕೇಳಿದ್ರು, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅಂತ. ಯಜಮಾನರು ಪೂರ್ವ, ಪಶ್ಚಿಮ ಅಂತ ತಡವರಿಸಿದ್ರು, ಅಜ್ಜ ಹಳ್ಳದ ಮೂಲೇಲಿ ಇರೋ ಹೊಳೆಮತ್ತಿ ಮರದಿಂದ ಹಿಡಿದು ನೀರು ಬಿಡೋ ಗಂಡಿಯವರೆಗೆ ಎಲ್ಲ ಹೇಳಿದ. ಅಷ್ಟೇ, ಕೇಸು ಮುಗೀತು. ಹತ್ತನೇ ನಂಬರ್ ಫಾರಂ, ಅಂದ್ರೆ ಹಕ್ಕಿನ ಪತ್ರ, ಈಗ್ಲೂ ನಮ್ಮ ತಗಡಿನ ಟ್ರಂಕಲ್ಲಿ ಇದೆ, ಮಡಚಿ ಮಡಚಿ ಮಡಿಕೆ ಇದ್ದಲ್ಲೆಲ್ಲ ತೂತು. ಮಜಾ ಏನಂದ್ರೆ ಜಮೀನು ಬಂದ್ಮೇಲೂ ಅಜ್ಜ ಪ್ರತಿ ದೀಪಾವಳಿಗೆ ಒಂದು ಬಾಳೆಗೊನೆ ಹೊತ್ಕೊಂಡು ಅದೇ ಯಜಮಾನರ ಮನೆಗೆ ಹೋಗ್ತಿದ್ದ, ಅವರೂ ಇಸ್ಕೊತಿದ್ರು, ಜಮೀನಿನ ಮಾತು ಇಬ್ರೂ ಎತ್ತುತಿರ್ಲಿಲ್ಲ.

ರಾಜ್ಯದಲ್ಲಿ ಇಂಥ 8 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದ್ವು. ಕೊನೇ ದಿನಾಂಕವನ್ನ ಮುಂದೂಡಿ ಮುಂದೂಡಿ 1979ರ ಜೂನ್ 30ರ ತನಕ ತಗೊಂಡು ಹೋದ್ರು. ಕರಾವಳಿ, ಮಲೆನಾಡಲ್ಲಿ ಇದರ ಪರಿಣಾಮ ಜಾಸ್ತಿ, ಯಾಕಂದ್ರೆ ಅಲ್ಲಿ ಚಾಲಗೇಣಿ (ಧಣಿ ಬೇಕಾದಾಗ ಬಿಡಿಸಬಹುದಾದದ್ದು), ಮೂಲಗೇಣಿ (ಕಾಯಂ ಗೇಣಿ) ಅಂತ ಇಡೀ ಊರೇ ಒಕ್ಕಲು. ಮಂಡ್ಯ, ಹಾಸನದ ಕಡೆ ಸ್ವಂತ ಬೇಸಾಯಾನೇ ಹೆಚ್ಚು, ಹಾಗಾಗಿ ಅಲ್ಲಿಯವರಿಗೆ ಅಷ್ಟು ತಟ್ಟಲಿಲ್ಲ. ಅರಸು ದೊಡ್ಡ ಜಾತಿಗಳನ್ನ ಎದುರು ಹಾಕ್ಕೊಂಡೂ ಉಳಿದದ್ದು ಹೇಗೆ ಅನ್ನೋದಕ್ಕೆ ಇದೂ ಒಂದು ಕಾರಣ, ಯಾರೂ ಜೋರಾಗಿ ಹೇಳಲ್ಲ.

ಪ್ರಶ್ನೆ: ನಮ್ಮಜ್ಜಿ ವಿಧವೆ. ಇದ್ದ ಮೂರು ಎಕರೆ ಗೇಣಿಗೆ ಕೊಟ್ಟಿದ್ದು ಹೋಯ್ತು. ಅರಸು ಫೋಟೋ ನಮ್ಮನೇಲಿ ಯಾರೂ ಇಡಲ್ಲ. ಇದನ್ನೂ ಹಾಕ್ತೀರಾ? (ಉಡುಪಿ ಜಿಲ್ಲೆಯಿಂದ)

ಹಾಕಿದ್ದೀನಿ ನೋಡಿ. ನೀವು ಹೇಳ್ತಿರೋದು ಖಂಡಿತ ಸುಳ್ಳಲ್ಲ. ಸೈನಿಕರು, ಹಡಗಿನಲ್ಲಿ ಕೆಲಸ ಮಾಡೋರಿಗೆ ವಿನಾಯಿತಿ ಇತ್ತು, ವಿಧವೆಯರಿಗೆ ಇರ್ಲಿಲ್ಲ. ನೂರು ಎಕರೆ ಧಣಿ ಮತ್ತೆ ಮೂರು ಎಕರೆ ಅಜ್ಜಿ ಇಬ್ರನ್ನೂ ಒಂದೇ ತಕ್ಕಡಿಗೆ ಹಾಕಿದ್ರು. ನೂರು ಎಕರೆಯವನಿಗೆ ಮಕ್ಕಳ ಹೆಸರಿಗೆ ಪಾಲು ಮಾಡೋ ಬುದ್ಧಿ, ಪಹಣಿಯ 12ನೇ ಕಾಲಂ ಅಂದ್ರೆ ಸಾಗುವಳಿದಾರನ ಹೆಸರು ಬರೆಯೋ ಜಾಗ, ಅದನ್ನ ಶಾನುಭೋಗರ ಹತ್ರ ತಿದ್ದಿಸೋ ತಾಕತ್ತು ಎಲ್ಲ ಇತ್ತು. ನಿಮ್ಮಜ್ಜಿ ಹತ್ರ ಇರ್ಲಿಲ್ಲ. ಪರಿಹಾರ ಅಂತ ಬಂದದ್ದೂ ಅಷ್ಟಕ್ಕಷ್ಟೇ. ಇನ್ನೊಂದು ಕೊರತೆ ಹೇಳ್ತೀನಿ, ಗೇಣಿ ಚೀಟಿಯೂ ಇಲ್ಲದ ಬರೀ ಕೂಲಿ ಆಳುಗಳಿಗೆ ಈ ಕಾಯ್ದೆಯಿಂದ ಸಿಕ್ಕಿದ್ದು ಬಹಳ ಕಮ್ಮಿ, ಅವರಲ್ಲಿ ದಲಿತರೇ ಜಾಸ್ತಿ. ಅವರಿಗೆ ಜೀತ ವಿಮುಕ್ತಿ, 1976ರ ಸಾಲ ಪರಿಹಾರ ಕಾಯ್ದೆ ಇವು ನೆರವಾದ್ವು, ನೆಲ ಸಿಗ್ಲಿಲ್ಲ.

ಪ್ರಶ್ನೆ: ಮೈಸೂರಿನ ದೇವರಾಜ ಮಾರ್ಕೆಟ್ ಅವರ ಹೆಸರೇ ಅಲ್ವಾ? ಗೆಳೆಯನ ಜೊತೆ ಬೆಟ್ ಕಟ್ಟಿದ್ದೀನಿ.

ಸೋತ್ರಿ. ಮಾರ್ಕೆಟ್ ರಾಜರ ಕಾಲದ್ದು, ಒಡೆಯರ ಹೆಸರು. ಪಕ್ಕದ ಡಿ. ದೇವರಾಜ ಅರಸು ರಸ್ತೆ ಮಾತ್ರ ಇವರದ್ದು. ದುಡ್ಡು ಕೊಟ್ಬಿಡಿ.

ಪ್ರಶ್ನೆ: ಹಾವನೂರು ವರದಿ, ಬೂಸಾ ಗಲಾಟೆ ಎರಡೂ ಅರಸು ಕಾಲದ್ದೇ ಅಂತಾರೆ, ಸಂಬಂಧ ಇದ್ಯಾ? (ರಾಣೆಬೆನ್ನೂರು)

ನೇರ ಸಂಬಂಧ ಇಲ್ಲ, ಗಾಳಿ ಒಂದೇ. ಬಿ. ಬಸವಲಿಂಗಪ್ಪ ಅರಸು ಸಂಪುಟದ ದಲಿತ ಮಂತ್ರಿ, ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸೋಕೆ ನಿಂತವರು. 1973ರ ನವೆಂಬರ್‌ನಲ್ಲಿ ಮೈಸೂರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ಅಂದ್ರೆ ದನದ ಮೇವು, ಅನ್ನೋ ಅರ್ಥದ ಮಾತಾಡಿದ್ರು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು (1 ನವೆಂಬರ್ 1973) ಇನ್ನೂ ತಿಂಗಳೂ ಆಗಿರ್ಲಿಲ್ಲ, ಬೆಂಕಿ ಹತ್ಕೊಂಡ್ತು, ಹಾಸ್ಟೆಲ್ ಹುಡುಗರಿಗೆ ಹೊಡೆತ ಬಿತ್ತು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯ್ತು. ಅರಸು ತಮ್ಮ ಮಂತ್ರಿಯನ್ನ ಉಳಿಸ್ಕೋಬಹುದಿತ್ತು ಅನ್ನೋ ಸಿಟ್ಟು ದಲಿತ ಚಳವಳಿಯವರಲ್ಲಿ ಬಹಳ ದಿನ ಇತ್ತು, ನನಗೂ ಅದು ಸರಿ ಅನ್ಸುತ್ತೆ.

ಎಲ್.ಜಿ. ಹಾವನೂರು ನಿಮ್ಮ ಕಡೆಯವರೇ, ವಕೀಲರು. 1972ರಲ್ಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ, 1975ರ ನವೆಂಬರ್‌ನಲ್ಲಿ ವರದಿ. ಯಾವ ಜಾತಿಯಿಂದ ಎಷ್ಟು ಜನ ಮೆಟ್ರಿಕ್ ಪಾಸಾಗಿದ್ದಾರೆ, ಎಷ್ಟು ಜನ ಸರ್ಕಾರಿ ನೌಕರಿಯಲ್ಲಿದ್ದಾರೆ ಅಂತ ಲೆಕ್ಕ ಹಾಕಿ ಟೇಬಲ್ ಮೇಲೆ ಇಟ್ಟಾಗ, ಲಿಂಗಾಯತರನ್ನ ಪಟ್ಟಿಯಿಂದ ಹೊರಗಿಟ್ಟಾಗ, ವಿಧಾನಸಭೆಯಲ್ಲೇ ವರದಿಯನ್ನ ಹರಿದು ಹಾಕುವಷ್ಟು ಸಿಟ್ಟು ಬಂತು ಕೆಲವರಿಗೆ. 1977ರ ಫೆಬ್ರವರಿಯಲ್ಲಿ ಸರ್ಕಾರ ಮೀಸಲಾತಿ ಆದೇಶ ಹೊರಡಿಸ್ತು. ಮಂಡಲ್ ಆಯೋಗ ನೇಮಕ ಆಗೋಕೂ ಮೊದಲೇ ಇದೆಲ್ಲ ಆಗಿದ್ದು ಅನ್ನೋದು ನೆನಪಿರ್ಲಿ.

ಪ್ರಶ್ನೆ: ಎಮರ್ಜೆನ್ಸಿ ಬಗ್ಗೆ ಯಾಕೆ ಬರೆಯಲ್ಲ ನೀವು? ಅಷ್ಟು ಒಳ್ಳೆಯವರಾಗಿದ್ರೆ ಜೈಲು ಯಾಕೆ ತುಂಬಿಸಿದ್ರು? (ಬೆಂಗಳೂರು, ಬಸವನಗುಡಿ)

ಬರೀತೀನಿ. 1975ರ ಜೂನ್ ಕೊನೇಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರೆಲ್ಲ ಬೆಂಗಳೂರಲ್ಲೇ ಅರೆಸ್ಟ್ ಆಗಿದ್ದು. ಅವರು ಇಲ್ಲಿಗೆ ಬಂದಿದ್ದು ಏನಕ್ಕೆ ಗೊತ್ತಾ, ಪಕ್ಷಾಂತರ ನಿಷೇಧ ಮಸೂದೆ ಬಗ್ಗೆ ಸಂಸದೀಯ ಸಮಿತಿ ಮೀಟಿಂಗಿಗೆ! (ಐದು ವರ್ಷ ಬಿಟ್ಟು ಅರಸು ಸರ್ಕಾರ ಬಿದ್ದದ್ದು ಯಾವುದರಿಂದ ಅಂತ ಮುಂದಿನ ಉತ್ತರದಲ್ಲಿ ನೋಡಿ.) ನಟಿ ಸ್ನೇಹಲತಾ ರೆಡ್ಡಿ ಅಸ್ತಮಾ ಇದ್ರೂ ಬೆಂಗಳೂರು ಜೈಲಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಕ್ಕೆ ತೀರ್ಕೊಂಡ್ರು. ಅವಾಗ ಇಲ್ಲಿ ಮುಖ್ಯಮಂತ್ರಿ ಅರಸುನೇ. ಬೇರೆ ರಾಜ್ಯಗಳಿಗೆ ಹೋಲಿಸಿದ್ರೆ ಇಲ್ಲಿ ಬಿಗಿ ಕಮ್ಮಿ ಇತ್ತು ಅಂತಾರೆ, ಇರಬಹುದು, ಆದ್ರೆ ಸ್ನೇಹಲತಾ ಮನೆಯವರ ಮುಂದೆ ಆ ಮಾತು ಹೇಳೋಕಾಗುತ್ತಾ?

ಭ್ರಷ್ಟಾಚಾರದ ಆರೋಪಾನೂ ಇತ್ತು. 1977ರಲ್ಲಿ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಿಸ್ತು, ಕೇಂದ್ರಕ್ಕೆ ಆ ಅಧಿಕಾರ ಇಲ್ಲ ಅಂತ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಆಯೋಗ ಕೆಲವು ಆರೋಪಗಳಲ್ಲಿ ಅರಸು ವಿರುದ್ಧವೇ ಹೇಳ್ತು. ದುಡ್ಡು ತಗೊಂಡು ರಾಜಕೀಯಕ್ಕೇ ಸುರಿದ್ರು, ಮನೆಗೆ ಒಯ್ಯಲಿಲ್ಲ ಅಂತ ಅವರ ಅಭಿಮಾನಿಗಳು ಇವತ್ತಿಗೂ ವಾದ ಮಾಡ್ತಾರೆ. ಅದು ಸಮರ್ಥನೆ ಅಲ್ಲ ಸ್ವಾಮಿ, ಎಲೆಕ್ಷನ್ ಖರ್ಚು ಈಗ ಎಲ್ಲಿಗೆ ಬಂದು ನಿಂತಿದೆಯೋ ಅದಕ್ಕೆ ಅವರೂ ಒಂದು ಕಲ್ಲು ಇಟ್ಟಿದ್ದಾರೆ.

ಪ್ರಶ್ನೆ: ಇಂದಿರಾಗೆ ಚಿಕ್ಕಮಗಳೂರಲ್ಲಿ ಮರುಜನ್ಮ ಕೊಟ್ಟವರನ್ನೇ ಇಂದಿರಾ ಯಾಕೆ ಹೊರಗೆ ಹಾಕಿದ್ರು? (ಚಿಕ್ಕಮಗಳೂರು, ಕಳಸ)

ಇದೊಂದು ನಾಟಕದ ಥರಾನೇ ಇದೆ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ತೊಳ್ಕೊಂಡು ಹೋದಾಗ ಕರ್ನಾಟಕ 28ಕ್ಕೆ 26 ಕೊಟ್ಟಿತ್ತು. ಡಿಸೆಂಬರ್ 31ಕ್ಕೆ ಅರಸು ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ. ಎರಡೇ ತಿಂಗಳಲ್ಲಿ ಚುನಾವಣೆ, ಹಸು-ಕರು ಗುರುತು ಹೋಗಿ ಹೊಸ ಹಸ್ತದ ಗುರುತು, ಆದ್ರೂ 224ಕ್ಕೆ 149. ಫೆಬ್ರವರಿ 28ಕ್ಕೆ ಮತ್ತೆ ಅದೇ ಕುರ್ಚಿ. ಅದೇ ವರ್ಷ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಲ್ಲಿ ಇಂದಿರಾ ನಿಂತು ವೀರೇಂದ್ರ ಪಾಟೀಲರನ್ನ 70 ಸಾವಿರಕ್ಕೂ ಹೆಚ್ಚು ಓಟಿಂದ ಸೋಲಿಸಿದ್ರು.

ಆಮೇಲೆ ಏನಾಯ್ತಪ್ಪ ಅಂದ್ರೆ, ಇಬ್ರಿಗೂ ಒಂದೇ ಅನುಮಾನ ಶುರುವಾಯ್ತು, ಈ ಓಟು ಯಾರದ್ದು ಅಂತ. ಅರಸುಗೆ ಅನ್ಸಿತ್ತು ನನ್ನ ಭೂಸುಧಾರಣೆ, ನನ್ನ ಹಾವನೂರು, ನಾನು ಗೆಲ್ಲಿಸಿದ್ದು ಅಂತ. ಇಂದಿರಾಗೆ ಅನ್ಸಿತ್ತು ಜನ ಓಟು ಹಾಕ್ತಿರೋದು ನನ್ನ ಮುಖ ನೋಡಿ ಅಂತ. ನಡುವೆ ಸಂಜಯ್ ಗಾಂಧಿ, ಕೆಪಿಸಿಸಿ (ರಾಜ್ಯ ಕಾಂಗ್ರೆಸ್ ಸಮಿತಿ) ಅಧ್ಯಕ್ಷ ಸ್ಥಾನ ಬಿಡಿ ಅನ್ನೋ ಒತ್ತಡ, ಆ ಜಾಗಕ್ಕೆ ಅರಸು ಗರಡಿಯವರೇ ಆದ ಬಂಗಾರಪ್ಪ. 1979ರಲ್ಲಿ ದಾರಿ ಬೇರೆ ಆಯ್ತು, ಅರಸು ಹೆಸರಲ್ಲೇ ಕಾಂಗ್ರೆಸ್ (ಯು). ಶಾಸಕರು ಬಹುಪಾಲು ಅರಸು ಹಿಂದೆ ಇದ್ರು, ಸರ್ಕಾರ ಬೀಳ್ಲಿಲ್ಲ. 1980ರ ಜನವರಿಯ ಲೋಕಸಭೆ ಫಲಿತಾಂಶ ಬಂತು ನೋಡಿ, ಇಂದಿರಾ ಪಕ್ಷಕ್ಕೆ 28ಕ್ಕೆ 27. ಅರಸು ಪಕ್ಷಕ್ಕೆ ಸೊನ್ನೆ. ನಿನ್ನೆ ತನಕ 'ಬುದ್ಧಿ' ಅಂತಿದ್ದ ಶಾಸಕರು ರಾತ್ರೋರಾತ್ರಿ ಬಸ್ಸು ಬದಲಾಯಿಸಿದ್ರು. ಜನವರಿ 12ಕ್ಕೆ ಮುಖ್ಯಮಂತ್ರಿಯಾದ ಗುಂಡೂರಾವ್ ಕೂಡ ಅರಸು ಸಂಪುಟದಲ್ಲೇ ಮಂತ್ರಿಯಾಗಿದ್ದವರು.

ನಮ್ಮಜ್ಜನ್ನ ಕೇಳಿದ್ದೆ, ಜಮೀನು ಕೊಡಿಸಿದ್ದು ಅರಸು, ನೀನು ಓಟು ಹಾಕಿದ್ದು ಯಾರಿಗೆ ಅಂತ. 'ಇಂದ್ರಮ್ಮಂಗೆ' ಅಂದ, ಯಾಕೆ ಕೇಳ್ತಿದ್ದೀಯಾ ಅನ್ನೋ ಥರ ಮುಖ ಮಾಡಿ. ಅವನ ಲೆಕ್ಕದಲ್ಲಿ ಅರಸು ಇಂದ್ರಮ್ಮನ ಕಡೆಯವರು, ಅಷ್ಟೇ. ಜಗಳ ಆಗಿದ್ದು ಗೊತ್ತಾಗೋಕೆ ಮನೇಲಿ ರೇಡಿಯೋನೂ ಇರ್ಲಿಲ್ಲ.

ಪ್ರಶ್ನೆ: ಅವರ ಶಿಷ್ಯರು ಈಗ ಯಾರಿದ್ದಾರೆ?

ಮಲ್ಲಿಕಾರ್ಜುನ ಖರ್ಗೆ 1972ರಲ್ಲಿ ಗುರುಮಠಕಲ್‌ನಿಂದ ಮೊದಲ ಸಲ ಗೆದ್ದದ್ದು, ಮೊದಲ ಸಲ ಮಂತ್ರಿ ಆಗಿದ್ದೂ ಅರಸು ಸಂಪುಟದಲ್ಲೇ. ವೀರಪ್ಪ ಮೊಯಿಲಿ, ಧರ್ಮಸಿಂಗ್, ಬಂಗಾರಪ್ಪ ಎಲ್ಲ ಅದೇ ಬೆಳೆ, ಮೂವರೂ ಮುಂದೆ ಮುಖ್ಯಮಂತ್ರಿಗಳಾದ್ರು. ಅರಸು ಮಗಳು ಚಂದ್ರಪ್ರಭಾ ಅರಸ್ ಹುಣಸೂರಿಂದ ಶಾಸಕಿ, ಮಂತ್ರಿ, ಆಮೇಲೆ ಮೈಸೂರಿನ ಸಂಸದೆ ಆಗಿದ್ರು. ತಮ್ಮ ಕೆಂಪರಾಜ್ ಅರಸ್ ಸಿನಿಮಾ ನಟ, ನಿರ್ದೇಶಕ.

ಪ್ರಶ್ನೆ: ಐದು ವರ್ಷ ಪೂರ್ತಿ ಆಳಿದ ಸಿಎಂ ಅಂದ್ರೆ ಅರಸು ಬಿಟ್ರೆ ಸಿದ್ದರಾಮಯ್ಯ ಮಾತ್ರ ಅಂತಾರಲ್ಲ? ಮತ್ತೆ ಅವರ ಪೈಪ್ ಎಲ್ಲಿದೆ? (ಮೈಸೂರು)

1972ರ ಅವಧಿ ಆದ್ಮೇಲೆ ಹಾಗೆ ಐದು ವರ್ಷ ಮುಗಿಸಿದ್ದು 2013ರಿಂದ 2018ರ ಸಿದ್ದರಾಮಯ್ಯ, ಹೌದು. ಇಬ್ರೂ ಮೈಸೂರು ಜಿಲ್ಲೆಯವರೇ, ನಿಮ್ಮವರು ಕಾಲರ್ ಎತ್ಕೊಂಡು ಓಡಾಡಬಹುದು.

ಪೈಪ್ ಎಲ್ಲಿದೆಯೋ, ಫೋಟೋಗಳಲ್ಲಂತೂ ಇದೆ. ಬಿಳಿ ಪಂಚೆ, ಜುಬ್ಬಾ, ಬಾಯಲ್ಲಿ ಪೈಪ್. ಕುಸ್ತಿ ಅಂದ್ರೂ ಅವರಿಗೆ ಪ್ರಾಣ. ಕೊನೆಗೆ ಅದೇ ಕುಸ್ತಿ ಹುಮ್ಮಸ್ಸಲ್ಲಿ 1982ರಲ್ಲಿ ಕರ್ನಾಟಕ ಕ್ರಾಂತಿರಂಗ ಕಟ್ಟಿದ್ರು, ಕಟ್ಟಿ ಮುಗಿಸೋದ್ರೊಳಗೆ ಜೂನ್ 6ಕ್ಕೆ ಹೋಗ್ಬಿಟ್ರು. ಆರೇಳು ತಿಂಗಳು ಬಿಟ್ಟು, 1983ರ ಜನವರಿಯಲ್ಲಿ, ಅದೇ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ಕಾಂಗ್ರೆಸ್ಸನ್ನ ಮೊದಲ ಸಲ ಈ ರಾಜ್ಯದಲ್ಲಿ ಕೆಳಗಿಳಿಸ್ತು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಹೆಗಡೆ ಅವರು 1969ರಲ್ಲಿ ನಿಜಲಿಂಗಪ್ಪ ಕಡೆ ನಿಂತವರು, ಅರಸುಗೆ ವರ್ಷಗಟ್ಟಲೆ ಎದುರಾಳಿ. ಅವರ ಬಗ್ಗೆ ಪ್ರಶ್ನೆ ಇದ್ರೆ ಈಗ್ಲೇ ಕಳಿಸಿ, ಮುಂದಿನ ಸಂಚಿಕೇಲಿ ಸಿನಿಮಾದವರು ಬೈದ್ರೂ ಪರ್ವಾಗಿಲ್ಲ.